ಬಾಡಿಗೆ ದರವಲ್ಲ, ಪೂರ್ತಿ ಸುತ್ತು ನೋಡಿ: ಮಂಗಳೂರಿನ ಒಂಟಿ ಲಾರಿಯ ಮಳೆಗಾಲದ ಲೆಕ್ಕಾಚಾರ

ಡಿಸೆಂಬರಿನಲ್ಲಿ ಬ್ರೋಕರ್ ಲಾರಿಯವನಿಗೆ ಫೋನ್ ಮಾಡುತ್ತಾನೆ. ಜುಲೈಯಲ್ಲಿ ಲಾರಿಯವನು ಬ್ರೋಕರಿಗೆ ಫೋನ್ ಮಾಡುತ್ತಾನೆ. ಮಂಗಳೂರಿನ ಸರಕು ಸಾಗಣೆ ಮಾರುಕಟ್ಟೆ ಬಿಸಿಯಾಗಿದೆಯೋ ತಣ್ಣಗಾಗಿದೆಯೋ ತಿಳಿಯಲು ಇಷ್ಟು ಸಾಕು. ‘ಗಾಡಿ ಎಲ್ಲಿ ಉಂಟು?’ ಎಂದು ಅವನು ಕೇಳಿದರೆ ದರ ಹೇಳುವ ಅಧಿಕಾರ ಚಾಲಕನದು. ‘ಲೋಡ್ ಏನಾದರೂ ಉಂಟಾ ಅಣ್ಣಾ?’ ಎಂದು ಇವನು ಕೇಳಿದರೆ ಆ ಅಧಿಕಾರ ಕೈಬಿಟ್ಟಂತೆಯೇ. ಬೈಕಂಪಾಡಿಯ ಟ್ರಾನ್ಸ್‌ಪೋರ್ಟ್ ಕಚೇರಿಗಳ ಎದುರು, ಪಣಂಬೂರಿನ ಹೆದ್ದಾರಿಯ ಬದಿಯಲ್ಲಿ ಖಾಲಿ ಲಾರಿಗಳು ಸಾಲುಗಟ್ಟಿ ನಿಂತ ತಿಂಗಳುಗಳಲ್ಲಿ ನಡೆಯುವುದು ಈ ಎರಡನೆಯ ಬಗೆಯ ಮಾತುಕತೆ.

ಐವತ್ತು ಲಾರಿ ಇಟ್ಟುಕೊಂಡವರಿಗೆ ಕಾರ್ಖಾನೆಗಳ ಜೊತೆ ವರ್ಷದ ಗುತ್ತಿಗೆ ಇರುತ್ತದೆ. ಮಾರುಕಟ್ಟೆ ಕುಸಿದರೂ ಗುತ್ತಿಗೆಯ ಸರಕು ಸಿಗುತ್ತದೆ. ಒಂದೇ ಲಾರಿಯನ್ನು ಸಾಲದಲ್ಲಿ ಕೊಂಡು, ತಾನೇ ಓಡಿಸಿ, ತಾನೇ ಕಂತು ಕಟ್ಟುವವನಿಗೆ ದೊಡ್ಡವರ ಗುತ್ತಿಗೆಯಿಂದ ಉಕ್ಕಿ ಹೊರಬಿದ್ದ ಸರಕೇ ಆಧಾರ. ಸರಕು ಹೆಚ್ಚಿದ್ದಾಗ ಅವನನ್ನು ಕರೆಯುತ್ತಾರೆ, ಕಡಿಮೆಯಾದಾಗ ಮೊದಲು ಬಿಡುವುದೂ ಅವನನ್ನೇ. ಹಾಗಾಗಿ ಮಂದಗತಿಯ ಪೆಟ್ಟು ಇಡೀ ಉದ್ಯಮಕ್ಕೆ ಬೀಳುವುದಕ್ಕಿಂತ ಎಷ್ಟೋ ಜೋರಾಗಿ ಇಂಥವರಿಗೆ ಬೀಳುತ್ತದೆ. ಈ ಲೇಖನ ಅವರ ಲೆಕ್ಕದ ಕುರಿತು.

ಕರಾವಳಿಯಲ್ಲಿ ಮಂದಗತಿಗೆ ಒಂದು ಋತುಮಾನವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು ದಕ್ಕೆಗಳಲ್ಲಿ ಮೀನು, ಮಂಜುಗಡ್ಡೆಯ ಸಾಗಾಟ ನಿಲ್ಲುತ್ತದೆ. ಮಳೆಗೆ ಕಟ್ಟಡದ ಕೆಲಸ ನಿಂತರೆ ಜಲ್ಲಿ, ಮರಳು, ಕೆಂಪು ಕಲ್ಲು, ಸಿಮೆಂಟು ಎಲ್ಲವೂ ಒಟ್ಟಿಗೆ ಇಳಿಯುತ್ತವೆ. 2025ರಲ್ಲಂತೂ ದಕ್ಷಿಣ ಕನ್ನಡದಲ್ಲಿ ಮರಳು ಮತ್ತು ಕೆಂಪು ಕಲ್ಲಿನ ಸಾಗಾಟಕ್ಕೆ ಬಿದ್ದ ತಡೆ ಮಳೆಯ ಜೊತೆ ಸೇರಿ ಟಿಪ್ಪರಿನವರನ್ನು ಪೂರಾ ಕೂರಿಸಿತು. ಇವೆಲ್ಲ ಬರುವ, ಹೋಗುವ ಕಷ್ಟಗಳು. ಆಗಸ್ಟಿನಲ್ಲಿ ದೋಣಿ ಕಡಲಿಗಿಳಿಯುತ್ತದೆ, ಚೌತಿ ಕಳೆದು ದಸರಾ ಹತ್ತಿರವಾಗುವಾಗ ಅಂಗಡಿಗಳು ಸರಕು ತುಂಬಿಕೊಳ್ಳುತ್ತವೆ, ಜನವರಿಯಿಂದ ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿ ಬಂದರಿನ ಕಡೆಗೆ ಇಳಿಯತೊಡಗುತ್ತದೆ.

ಮಳೆ ನಿಂತರೂ ನಿಲ್ಲದ ಕಾರಣಗಳು ಬೇರೆ ಇವೆ, ಮತ್ತು ನನ್ನ ಮಟ್ಟಿಗೆ ಅವೇ ಮುಖ್ಯ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ, ಹನ್ನೆರಡು ಚಕ್ರದ್ದು 31ರಿಂದ 36ಕ್ಕೆ ಹೋಯಿತು. ಲಾರಿಯವರಿಗೆ ಇದು ಒಳ್ಳೆಯ ಸುದ್ದಿಯಂತೆ ಕಂಡಿತು. ಆದರೆ ಸಾಗಿಸಬೇಕಾದ ಸರಕು ಅಷ್ಟೇ ಇದ್ದು, ರಸ್ತೆಯ ಮೇಲಿನ ಲಾರಿಗಳ ಒಟ್ಟು ಸಾಮರ್ಥ್ಯ ಕಾಗದದ ಮೇಲೆ ಒಂದೇ ಏಟಿಗೆ ಹಿಗ್ಗಿದರೆ ಏನಾಗುತ್ತದೆ? ಐದು ಲಾರಿಯ ಕೆಲಸಕ್ಕೆ ನಾಲ್ಕು ಸಾಕಾಗುತ್ತದೆ, ಐದನೆಯವನು ದರ ಇಳಿಸುತ್ತಾನೆ. 2025ರ ಸೆಪ್ಟೆಂಬರಿನಲ್ಲಿ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸ ಲಾರಿ ಕೊಳ್ಳುವವರಿಗೆ ಅದು ಅನುಕೂಲ; ಹಳೆಯ ದರದಲ್ಲಿ ಕೊಂಡು ಹಳೆಯ ಕಂತು ಕಟ್ಟುತ್ತಿರುವವನಿಗೆ ಅದು ಇನ್ನಷ್ಟು ಪೈಪೋಟಿ.

ಮಂಗಳೂರಿಗೆ ವಿಶೇಷವಾದ ಇನ್ನೊಂದು ಸಂಗತಿ ಕೊಳವೆ ಮಾರ್ಗ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ 362 ಕಿಲೋಮೀಟರ್ ಉದ್ದದ ಪೆಟ್ರೋಲಿಯಂ ಕೊಳವೆ 2003ರಲ್ಲಿ ಚಾಲನೆಗೊಂಡಿತು. ಅಡುಗೆ ಅನಿಲಕ್ಕೂ ಹಾಸನ, ಮೈಸೂರು ಕಡೆಗೆ ಬೇರೆ ಕೊಳವೆ ಬಂದಿತು. ಒಂದು ಕಾಲದಲ್ಲಿ ಶಿರಾಡಿ ಘಟ್ಟ ಹತ್ತುತ್ತಿದ್ದ ಸರಕಿನ ಒಂದು ಭಾಗ ಈಗ ನೆಲದೊಳಗೆ ಹರಿಯುತ್ತಿದೆ. ಇದನ್ನು ಯಾರೂ ತಪ್ಪು ಎನ್ನಲಾರರು, ಘಟ್ಟದಲ್ಲಿ ಟ್ಯಾಂಕರ್ ಉರುಳಿದ ಸುದ್ದಿ ಓದಿದವರಂತೂ ಎನ್ನಲಾರರು. ಆದರೆ ಆ ಬಾಡಿಗೆ ಮರಳಿ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಅದಿರಿನ ಕಥೆ ಇನ್ನೂ ಕಹಿ. ಬಳ್ಳಾರಿ, ಚಿತ್ರದುರ್ಗದ ಅದಿರು ಬಂದರಿಗೆ ಇಳಿಯುತ್ತಿದ್ದ ಕಾಲದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಬಹಳ. 2010ರಲ್ಲಿ ರಾಜ್ಯ ಸರ್ಕಾರ ರಫ್ತಿಗೆ ತಡೆ ಹಾಕಿತು, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ನಿಂತಿತು, ಕಂತು ಮಾತ್ರ ನಿಲ್ಲಲಿಲ್ಲ.

ಇನ್ನು ಡೀಸೆಲ್. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಏರಿತು. ಎರಡನೆಯ ಏರಿಕೆಯ ಬೆನ್ನಲ್ಲೇ, ಏಪ್ರಿಲ್ ಮಧ್ಯದಲ್ಲಿ, ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ವೆಚ್ಚ ಏರಿದ ವೇಗಕ್ಕೆ ಬಾಡಿಗೆ ಏರದಿರುವುದಕ್ಕೆ ಕಾರಣ ಡೀಸೆಲ್ ಅಲ್ಲ. ಖಾಲಿ ನಿಂತ ಲಾರಿಗಳ ಸಂಖ್ಯೆಯೇ ಬಾಡಿಗೆಯನ್ನು ಕೆಳಗೆ ಹಿಡಿದಿಟ್ಟಿದೆ.

ಹೋಗುವ ಲೋಡ್, ಮರಳುವ ಲೋಡ್

ಅಂಕಿಗಳನ್ನು ಹಿಡಿದು ನೋಡೋಣ. ಇವು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಅಂಕಿಗಳು. ಓದುಗರು ತಮ್ಮ ಗಾಡಿಯ ಅಂಕಿಗಳನ್ನು ಹಾಕಿಕೊಳ್ಳಬಹುದು. ಹತ್ತು ಚಕ್ರದ ಲಾರಿ, 18 ಟನ್ ಸರಕು, ಮಂಗಳೂರಿನಿಂದ ಬೆಂಗಳೂರಿಗೆ 350 ಕಿಲೋಮೀಟರ್. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ತುಂಬಿದ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಡೀಸೆಲ್ಲಿಗೆ 22.50, ಟಯರು, ಆಯಿಲ್, ರಿಪೇರಿಗೆ 4.50, ಒಟ್ಟು ಕಿಲೋಮೀಟರಿಗೆ 27 ರೂಪಾಯಿ. ಖಾಲಿ ಗಾಡಿಗೆ 22. ಟೋಲ್ ಒಂದು ದಿಕ್ಕಿಗೆ 1,800. ತುಂಬಿದ ಗಾಡಿಗೆ ವೇಬ್ರಿಡ್ಜ್, ಮಾಮೂಲಿ, ಊಟ ಎಂದು 1,500; ಖಾಲಿಗೆ 500. ಇವಲ್ಲದೆ ಲಾರಿ ನಿಂತರೂ ಓಡಿದರೂ ಬರುವ ಖರ್ಚು ಬೇರೆ: ಕಂತು, ತೆರಿಗೆ, ಫಿಟ್‌ನೆಸ್, ವರ್ಷಕ್ಕೆ 16,500 ರೂಪಾಯಿಯ ರಾಷ್ಟ್ರೀಯ ಪರ್ಮಿಟ್, ಮತ್ತು ಈ ತೂಕದ ಲಾರಿಗೆ 2022ರಲ್ಲಿ ನಿಗದಿಯಾದ ದರದಂತೆ ಮೂರನೇ ವ್ಯಕ್ತಿ ವಿಮೆಯೊಂದಕ್ಕೇ 43,950 ರೂಪಾಯಿ. ಎಲ್ಲ ಸೇರಿ ತಿಂಗಳಿಗೆ 54,000, ಅಂದರೆ ದಿನಕ್ಕೆ 1,800 ಎನ್ನೋಣ.

ಟನ್ನಿಗೆ 1,300ರಂತೆ ಬೆಂಗಳೂರಿಗೆ ಲೋಡ್ ಸಿಕ್ಕಿತು. ಬಾಡಿಗೆ 23,400, ದಾರಿ ಖರ್ಚು 12,750, ಉಳಿದದ್ದು 10,650. ನೋಡಲು ಚೆನ್ನಾಗಿದೆ. ಖಾಲಿ ಮರಳಿದರೆ ಅದರಲ್ಲಿ 10,000 ಹೋಗುತ್ತದೆ. ಕೈಯಲ್ಲಿ ಉಳಿಯುವುದು 650 ರೂಪಾಯಿ. ಹೋಗಿ ಬರಲು ಹಿಡಿದ ಮೂರು ದಿನಗಳ ಸ್ಥಿರ ಖರ್ಚು 5,400. ಒಳ್ಳೆಯ ಬಾಡಿಗೆ ಎಂದುಕೊಂಡು ಹೊರಟ ಪ್ರಯಾಣ 4,750 ರೂಪಾಯಿ ನಷ್ಟದಲ್ಲಿ ಮುಗಿಯಿತು.

ಈಗ ಬೆಂಗಳೂರಿನಲ್ಲಿ ಒಂದು ದಿನ ಕಾದು, ಟನ್ನಿಗೆ 700ರ ಅಗ್ಗದ ಮರಳುವ ಲೋಡ್ ಹಿಡಿದನೆನ್ನಿ. ಬಾಡಿಗೆ 12,600, ಖರ್ಚು 12,750. ಆ ಲೋಡನ್ನು ಮಾತ್ರ ಬೇರೆಯಾಗಿ ನೋಡಿದರೆ 150 ರೂಪಾಯಿ ಕೈಯಿಂದಲೇ ಹೋಗಿದೆ, ‘ಇಂಥ ದರಕ್ಕೆ ಯಾರು ಹೇರುತ್ತಾರೆ’ ಎನಿಸುತ್ತದೆ. ಆದರೆ ಪೂರ್ತಿ ಸುತ್ತನ್ನು ನೋಡಿ: ಉಳಿಕೆ 10,500, ನಾಲ್ಕು ದಿನಗಳ ಸ್ಥಿರ ಖರ್ಚು 7,200, ಕೈಗೆ 3,300. ನಷ್ಟದ ಲೋಡ್ ಸೇರಿಕೊಂಡು ನಷ್ಟದ ಸುತ್ತು ಲಾಭಕ್ಕೆ ತಿರುಗಿತು. ಲಾಭ ಎನ್ನುವುದು ದೊಡ್ಡ ಮಾತಾಯಿತು. ಅದರಲ್ಲಿ ಚಾಲಕನ ಸಂಬಳವನ್ನು ಇನ್ನೂ ಹಾಕಿಲ್ಲ. ನಾಲ್ಕು ದಿನ ಹಗಲು ರಾತ್ರಿ ದುಡಿದವನಿಗೆ ದಿನಕ್ಕೆ 825 ರೂಪಾಯಿ. ತೋಟದ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬಂದು ಊಟ ಮಾಡಿ ಮಲಗುತ್ತಾರೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಮಾರುಕಟ್ಟೆಯ ಗುಟ್ಟು ಬಿಡಿಸಿಕೊಳ್ಳುತ್ತದೆ. ಖಾಲಿ ಮರಳುವುದಕ್ಕೂ ತುಂಬಿ ಮರಳುವುದಕ್ಕೂ ಇರುವ ಖರ್ಚಿನ ವ್ಯತ್ಯಾಸ 2,750 ರೂಪಾಯಿ ಮಾತ್ರ. 18 ಟನ್ನಿಗೆ ಹಂಚಿದರೆ ಟನ್ನಿಗೆ ಸುಮಾರು 153. ಹೇಗೂ ಊರಿಗೆ ಮರಳಲೇಬೇಕಾದ ಲಾರಿ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಸಿಕ್ಕರೂ ಹೇರಲು ಒಪ್ಪಬಹುದು. ಒಪ್ಪುವವರು ಇದ್ದೇ ಇರುತ್ತಾರೆ. ಮಂಗಳೂರಿಗೆ ಬಂದು ಸರಕು ಇಳಿಸಿದ ನಾಮಕ್ಕಲ್‌ನ ಲಾರಿಗೆ, ಬೆಂಗಳೂರು ಅಥವಾ ದಾವಣಗೆರೆಯ ಲಾರಿಗೆ ಬೈಕಂಪಾಡಿಯ ಲೋಡ್ ಎಂದರೆ ಮರಳುವ ಲೋಡ್. ಕೆಎ 19, ಕೆಎ 20 ನೋಂದಣಿಯ ಸ್ಥಳೀಯನಿಗೆ ಅದೇ ಹೋಗುವ ಲೋಡ್, ಅವನ ಸುತ್ತಿನ ಮುಖ್ಯ ಗಳಿಕೆ. ಒಂದೇ ಸರಕಿಗೆ ಇಬ್ಬರು ದರ ಹೇಳುವಾಗ ಒಬ್ಬನ ಕನಿಷ್ಠ 1,300, ಇನ್ನೊಬ್ಬನ ಕನಿಷ್ಠ ಅದರ ಅರ್ಧಕ್ಕಿಂತಲೂ ಕೆಳಗೆ. ‘ಹೊರಗಿನವರು ಬಂದು ದರ ಕೆಡಿಸಿದರು’ ಎಂಬ ದೂರು ಪಣಂಬೂರಿನಲ್ಲಿ ಕೇಳುತ್ತದೆ. ಮಂಗಳೂರಿನ ಲಾರಿ ಬೆಂಗಳೂರಿನ ಯಶವಂತಪುರದಲ್ಲಿ ನಿಂತಾಗ ಅಲ್ಲಿಯವರು ಹೇಳುವುದೂ ಇದನ್ನೇ.

ಇದರಿಂದ ಕಾಯುವುದರ ಬೆಲೆಯ ಬಗ್ಗೆಯೂ ಒಂದು ಮಾತು ಹೊರಡುತ್ತದೆ. ದಿನಕ್ಕೆ 1,800 ಹೋಗುತ್ತಿದೆ ಎಂದು ಅವಸರ ಪಟ್ಟು ಖಾಲಿ ಹೊರಡುವವರು ಬಹಳ. ಆ ಹಣ ಮನೆಯ ಅಂಗಳದಲ್ಲಿ ನಿಂತರೂ ಹೋಗುತ್ತದೆ. ಕಾಯುವುದರ ನಿಜವಾದ ಬೆಲೆ ಎಂದರೆ ಆ ದಿನ ಬೇರೆಡೆ ದುಡಿಯಬಹುದಾಗಿದ್ದ ಹಣ. ಜನವರಿಯಲ್ಲಿ ಮಂಗಳೂರಿನಲ್ಲಿ ಮುಂದಿನ ಲೋಡ್ ಸಿದ್ಧವಿರುವಾಗ ಬೆಂಗಳೂರಿನಲ್ಲಿ ಎರಡು ದಿನ ಕಾಯುವುದು ದುಬಾರಿ. ಜುಲೈಯಲ್ಲಿ ಬೈಕಂಪಾಡಿಗೆ ಮರಳಿ ಅಲ್ಲಿ ಮೂರು ದಿನ ಕಾಯುವುದೇ ಆದರೆ ಘಟ್ಟದ ಮೇಲೆ ಬೆಂಗಳೂರಿನಲ್ಲೇ ಎರಡು ದಿನ ಕಾಯುವುದರಲ್ಲಿ ನಷ್ಟವಿಲ್ಲ. ಮಂದಗತಿಯಲ್ಲಿ ತಾಳ್ಮೆ ಅಗ್ಗವಾಗುತ್ತದೆ, ಡೀಸೆಲ್ ಅಗ್ಗವಾಗುವುದಿಲ್ಲ.

ಹಾಗಿದ್ದರೆ ಸ್ಥಳೀಯನಿಗೆ ಎಲ್ಲಿ ಮೇಲುಗೈ? ಹೊರಗಿನ ಲಾರಿಗೆ ಬೇಡವಾದ ಸುತ್ತುಗಳಲ್ಲಿ. ನಾಮಕ್ಕಲ್‌ಗೆ ಮರಳಬೇಕಾದವನು ಚಿಕ್ಕಮಗಳೂರಿಗೋ ತೀರ್ಥಹಳ್ಳಿಗೋ ಹೋಗುವ ಲೋಡ್ ಹೇರುವುದಿಲ್ಲ. ಅವನ ದಾರಿ ಅದಲ್ಲ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಕಾಸರಗೋಡು ಇವೆಲ್ಲ ಒಂದೂವರೆ, ಎರಡು ದಿನಗಳಲ್ಲಿ ಮುಗಿಯುವ ಸುತ್ತುಗಳು. ಟನ್ನಿನ ದರ ಬೆಂಗಳೂರಿಗಿಂತ ಕಡಿಮೆ ಕಂಡರೂ ದಿನದ ಲೆಕ್ಕದಲ್ಲಿ ಮುಂದೆ ಬರುವುದುಂಟು, ಖಾಲಿ ಮರಳಿದರೂ ಕಳೆದುಕೊಳ್ಳುವುದು ಕಡಿಮೆ. ನಾಲ್ಕು ಅಂಗಡಿಗಳಿಗೆ ಇಳಿಸಬೇಕಾದ ಸರಕು, ಕಿರಿದಾದ ಮಲೆನಾಡಿನ ರಸ್ತೆಯಲ್ಲಿ ಗೋದಾಮಿನವರೆಗೆ ಹೋಗಬೇಕಾದ ಸರಕು ಇವಕ್ಕೂ ಊರು ಬಲ್ಲವನೇ ಬೇಕು.

ಹಡಗಿನ ಪಟ್ಟಿ, ಗೊಬ್ಬರದ ತಿಂಗಳು

ಬಂದರಿನ ಸರಕಿಗೆ ತಿಂಗಳಿನ ಲಯಕ್ಕಿಂತ ಹಡಗಿನ ಲಯ ಹೆಚ್ಚು. 30,000 ಟನ್ ಕಲ್ಲಿದ್ದಲಿನ ಹಡಗು ಬಂದಿತೆಂದರೆ, ರೈಲಿಗೆ ಹೋಗುವುದನ್ನು ಬಿಟ್ಟು ಅರ್ಧವೇ ರಸ್ತೆಗೆ ಬಂದರೂ 18 ಟನ್ನಿನಂತೆ ಎಂಟುನೂರಕ್ಕೂ ಹೆಚ್ಚು ಲೋಡ್. ದಕ್ಕೆಯಲ್ಲಿ, ಯಾರ್ಡಿನಲ್ಲಿ ಸರಕು ಹೆಚ್ಚು ದಿನ ಬಿದ್ದರೆ ಆಮದುದಾರ ದಂಡ ಕಟ್ಟಬೇಕು. ಆ ನಾಲ್ಕಾರು ದಿನ ಟ್ರಾನ್ಸ್‌ಪೋರ್ಟಿನವನಿಗೆ ತನ್ನ ಲಾರಿಗಳು ಸಾಲುವುದಿಲ್ಲ, ಮಾರುಕಟ್ಟೆಯ ಲಾರಿ ಬೇಕಾಗುತ್ತದೆ; ಮಂದಗತಿಯ ನಡುವೆಯೂ ದರ ಸ್ವಲ್ಪ ಮೇಲೇಳುವುದು ಆಗ. ನವ ಮಂಗಳೂರು ಬಂದರು ಪ್ರಾಧಿಕಾರ ಯಾವ ಹಡಗು ಯಾವ ಬರ್ತ್‌ನಲ್ಲಿದೆ (ಹಡಗು ನಿಲ್ಲುವ ಕಟ್ಟೆ), ಯಾವುದು ಬರಲಿದೆ, ಏನು ಸರಕು ಎಂಬುದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಬ್ರೋಕರ್ ನೋಡುವ ಪಟ್ಟಿ ಅದೇ. ಕಚ್ಚಾ ತೈಲ, ಅನಿಲದ ಹಡಗುಗಳನ್ನು ಬಿಟ್ಟುಬಿಡಬಹುದು. ಅವು ಸಾಮಾನ್ಯ ಲಾರಿಗೆ ಸಂಬಂಧಿಸಿದ್ದಲ್ಲ. ಕಲ್ಲಿದ್ದಲು, ಗೊಬ್ಬರ, ಜಿಪ್ಸಮ್, ಸುಣ್ಣದ ಕಲ್ಲು, ಮರದ ದಿಮ್ಮಿ ಎಂದಿದ್ದರೆ ಮೂರು ದಿನ ಮೊದಲೇ ಊರಿಗೆ ಮರಳಿರುವುದು ಲೇಸು. ಬಂದರಿನೊಳಗೆ ಹೋಗಲು ಪ್ರವೇಶ ಪರವಾನಗಿ, ಚಾಲ್ತಿಯಲ್ಲಿರುವ ಫಿಟ್‌ನೆಸ್, ವಿಮೆ ಬೇಕು. ಕೆಲಸವಿಲ್ಲದ ತಿಂಗಳಲ್ಲಿ ವಿಮೆಯ ಕಂತು ಮುಂದೂಡಿದವನಿಗೆ ಹಡಗು ಬಂದ ದಿನ ಗೇಟಿನೊಳಗೆ ಪ್ರವೇಶವಿಲ್ಲ.

ಮಳೆಗಾಲದಲ್ಲೂ ಘಟ್ಟ ಹತ್ತುವ ಸರಕು ಒಂದಿದೆ: ರಸಗೊಬ್ಬರ. ಮುಂಗಾರಿನ ಬಿತ್ತನೆಗೆ ಜೂನ್, ಜುಲೈಯಲ್ಲೇ ಅದು ಹಳ್ಳಿ ಸೇರಬೇಕು. ಪಣಂಬೂರಿನ ಕಾರ್ಖಾನೆಯದ್ದಾಗಲಿ, ಹಡಗಿನಲ್ಲಿ ಬಂದದ್ದಾಗಲಿ, ದೂರಕ್ಕೆ ಹೆಚ್ಚಾಗಿ ರೈಲಿನಲ್ಲಿ ಹೋದರೂ ಸಮೀಪದ ಜಿಲ್ಲೆಗಳಿಗೆ ಲಾರಿಯೇ ಗತಿ. ಆದರೆ ಇದು ಟಾರ್ಪಾಲಿನ ಪರೀಕ್ಷೆ. 45 ಕಿಲೋದ ಯೂರಿಯಾ ಚೀಲ ನೀರು ಕುಡಿದರೆ ಗಟ್ಟಿಯಾಗುತ್ತದೆ, ಸೊಸೈಟಿಯವರು ಇಳಿಸಿಕೊಳ್ಳುವುದಿಲ್ಲ, ಚೀಲದ ಬೆಲೆ ಬಾಡಿಗೆಯಲ್ಲಿ ಮುರಿಯುತ್ತದೆ. ಹಳೆಯ ಟಾರ್ಪಾಲಿನ ಮಡಿಕೆ ಸವೆದ ಜಾಗದಲ್ಲೇ ಸೋರುವುದು. ಸಾಮಾನ್ಯವಾಗಿ ಅದು ಡಾಲಾದ, ಅಂದರೆ ಲಾರಿಯ ಹಿಂಬದಿ ಬಾಗಿಲಿನ, ಮೂಲೆ. ಶಿರಾಡಿಯ ಮಳೆಗೆ ಒಂದರ ಮೇಲೊಂದು ಎರಡು ಟಾರ್ಪಾಲು ಹಾಕುವವರು ಖರ್ಚು ಹೆಚ್ಚು ಮಾಡುತ್ತಿಲ್ಲ.

ಮೂರು ಮೂಲೆಯ ಸುತ್ತುಗಳನ್ನೂ ಯೋಚಿಸಬೇಕು. ಮಂಗಳೂರಿನಿಂದ ದಾವಣಗೆರೆಗೆ ಗೊಬ್ಬರ, ಅಲ್ಲಿಂದ ಖಾಲಿ ಮರಳುವ ಬದಲು ಹತ್ತಿರದ ಮಂಡಿಯಿಂದ ಉಡುಪಿಗೆ ಅಕ್ಕಿಯೋ, ಕೋಳಿ ಆಹಾರಕ್ಕೆ ಮೆಕ್ಕೆಜೋಳವೋ. ಅಥವಾ ಹುಬ್ಬಳ್ಳಿಯವರೆಗೆ ಹೋಗಿ ಅರಬೈಲ್ ಘಟ್ಟ ಇಳಿದು ಕುಂದಾಪುರಕ್ಕೆ. ದೂರ ಹೋಗುವ ಧೈರ್ಯವಿದ್ದವರಿಗೆ ಇಲ್ಲಿಂದ ಕಲಬುರಗಿಯ ಸಿಮೆಂಟ್ ಕಾರ್ಖಾನೆಗಳಿಗೆ ಇಂಧನ, ಅಲ್ಲಿಂದ ಕರಾವಳಿಗೆ ಸಿಮೆಂಟು ಎಂಬ ಜೋಡಿ ಇದೆ. ಎರಡು ತುದಿಯಲ್ಲೂ ಸರಕಿನ ಮೂಲ ಇರುವ ಇಂಥ ದಾರಿಗಳು ಕಡಿಮೆ. ಚಾಲಿ ಅಡಿಕೆ ಗುಜರಾತಿಗೆ ಹೋಗುತ್ತದೆ, ಒಳ್ಳೆಯ ಬಾಡಿಗೆಯೂ ಹೌದು. ಆದರೆ ಬೆಲೆಬಾಳುವ ಸರಕು. ವರ್ತಕರು ಪರಿಚಯವಿಲ್ಲದ ಲಾರಿಗೆ ಕೊಡುವುದಿಲ್ಲ. ಮುಂಬೈ ಕಡೆಗೆ ಹೋಗುವವರು ಸುರತ್ಕಲ್‌ನಿಂದ ಕೋಲಾಡ್‌ವರೆಗೆ ಲಾರಿಯನ್ನೇ ರೈಲಿನ ಮೇಲೇರಿಸುವ ಕೊಂಕಣ ರೈಲ್ವೆಯ ರೋ-ರೋ ಸೇವೆಯನ್ನು ಮರೆಯಬಾರದು. ಡೀಸೆಲ್, ಟೋಲ್, ಟಯರಿನ ಸವೆತ ಉಳಿಯುತ್ತದೆ, ಚಾಲಕನಿಗೆ ನಿದ್ದೆಯೂ ಆಗುತ್ತದೆ. ಸರಕಿನ ಎತ್ತರಕ್ಕೆ ಮಿತಿ ಇದೆ, ಸರದಿಗೆ ಕಾಯಬೇಕಾಗುತ್ತದೆ. ಮಂದಗತಿಯಲ್ಲಿ ಕಾಯುವ ಬೆಲೆ ಕಡಿಮೆ ಎಂದು ಆಗಲೇ ನೋಡಿದೆವಲ್ಲ.

ಚೀಟಿಯಲ್ಲಿ ಇರುವುದು, ಇಲ್ಲದಿರುವುದು

ಬಾಡಿಗೆ ಕುದುರಿದ ಮೇಲೆ ಕೈಗೆ ಬರುವ ಚೀಟಿಯನ್ನು ನಿಧಾನವಾಗಿ ಓದಬೇಕು. ಲಾರಿ ನಂಬರು, ಟನ್ನು, ದರ, ಒಟ್ಟು ಬಾಡಿಗೆ. ಅದರ ಕೆಳಗೆ ಅಡ್ವಾನ್ಸ್: ಇಷ್ಟು ನಗದು, ಇಷ್ಟಕ್ಕೆ ಇಂಥ ಬಂಕಿನ ಡೀಸೆಲ್ ಚೀಟಿ. ಕಮಿಷನ್ ಮುರಿದು ಬ್ಯಾಲೆನ್ಸ್. ಅಡಿಯಲ್ಲಿ, ಬಹುತೇಕ ಮೊದಲೇ ಅಚ್ಚಾಗಿರುವ ಒಂದು ಸಾಲು: ಶಾರ್ಟೇಜ್ (ಇಳಿಸುವಾಗ ತೂಕ ಕಡಿಮೆ) ಬಂದರೆ ಲಾರಿಯ ಹೊಣೆ. ಹಾಲ್ಟಿಂಗ್ (ಇಳಿಸಲು ಕಾದು ನಿಂತದ್ದಕ್ಕೆ ಕೊಡುವ ಹಣ) ದಿನಕ್ಕೆ ಎಷ್ಟು, ಬ್ಯಾಲೆನ್ಸ್ ಯಾವ ತಾರೀಕಿಗೆ ಎಂಬ ಜಾಗ ಖಾಲಿ ಇರುತ್ತದೆ, ಇಲ್ಲವೇ ಆ ಜಾಗವೇ ಇರುವುದಿಲ್ಲ. ದರ ಕುದುರಿಸುವಾಗ ಟನ್ನಿಗೆ ಐವತ್ತು ರೂಪಾಯಿಗೆ ಅರ್ಧ ಗಂಟೆ ಜಗಳವಾಡುವವರು ಈ ಖಾಲಿ ಜಾಗಗಳನ್ನು ನೋಡದೆ ಸಹಿ ಹಾಕುತ್ತಾರೆ. 18 ಟನ್ನಿಗೆ ಐವತ್ತರಂತೆ ಗಿಟ್ಟುವುದು 900 ರೂಪಾಯಿ. ಇಳಿಸುವ ಕಡೆ ಹಾಲ್ಟಿಂಗ್ ಇಲ್ಲದೆ ಎರಡು ದಿನ ನಿಂತರೆ ಹೋಗುವುದು 3,600.

ಶಾರ್ಟೇಜಿನದು ಮಳೆಗಾಲದಲ್ಲಿ ವಿಚಿತ್ರ ರೂಪ. ಪಣಂಬೂರಿನ ಬಯಲು ಯಾರ್ಡಿನಲ್ಲಿ ನೆನೆದ ಕಲ್ಲಿದ್ದಲನ್ನು ಹೇರಿ ತೂಕ ಮಾಡುತ್ತಾರೆ. ಘಟ್ಟ ಹತ್ತುವಾಗ ಹಿಂಬದಿಯ ಬಾಗಿಲ ಸಂದಿನಿಂದ ಕಪ್ಪು ನೀರು ಬಸಿಯುತ್ತಾ ಹೋಗುತ್ತದೆ. ಹಿಂದೆ ಬರುವ ಕಾರಿನವರು ಗಾಜು ಒರೆಸಿಕೊಳ್ಳುತ್ತಾರೆ. ಮಳೆ ಇಲ್ಲದ ಬಯಲುಸೀಮೆಯಲ್ಲಿ ಮರುದಿನ ತೂಗಿದಾಗ ಇನ್ನೂರು, ಮುನ್ನೂರು ಕಿಲೋ ಕಡಿಮೆ. ಕದ್ದವರು ಯಾರೂ ಇಲ್ಲ, ಬಸಿದದ್ದು ನೀರು, ಮುರಿಯುವುದು ಬಾಡಿಗೆಯಲ್ಲಿ. ಶೇಕಡಾ ಇಷ್ಟರವರೆಗೆ ತೂಕದ ವ್ಯತ್ಯಾಸಕ್ಕೆ ಲಾರಿ ಹೊಣೆಯಲ್ಲ ಎಂದು ಹೇರುವ ಮೊದಲೇ ಬರೆಸಿಕೊಳ್ಳುವುದೊಂದೇ ಇದಕ್ಕೆ ದಾರಿ. ದೊಡ್ಡ ಟ್ರಾನ್ಸ್‌ಪೋರ್ಟಿನವರ ಮೂಲ ಗುತ್ತಿಗೆಯಲ್ಲಿ ಇಂಥ ರಿಯಾಯಿತಿ ಸಾಮಾನ್ಯವಾಗಿ ಇರುತ್ತದೆ. ಅದು ಕೆಳಗಿನ ಲಾರಿಯವನವರೆಗೆ ಇಳಿದು ಬರುವುದಿಲ್ಲ, ಕೇಳದಿದ್ದರೆ.

ಘಟ್ಟ ಬಂದ್ ಆಗುವುದನ್ನೂ ಚೀಟಿಗೆ ತರಬೇಕು. 2018ರಿಂದೀಚೆಗೆ ಶಿರಾಡಿ ಹಲವು ಮಳೆಗಾಲಗಳಲ್ಲಿ ಮುಚ್ಚಿದೆ. 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ, ಆಗುಂಬೆಯ ತಿರುವುಗಳಲ್ಲಿ ದೊಡ್ಡ ಲಾರಿಗೆ ಜಾಗವೇ ಇಲ್ಲ. ಉತ್ತರಕ್ಕೆ ತಿರುಗಿ ಅಂಕೋಲಾ ಮೂಲಕ ಹೋಗೋಣವೆಂದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ನ್ನೇ ಮುಚ್ಚಿದ್ದನ್ನು ಯಾರೂ ಮರೆತಿಲ್ಲ. ಸುತ್ತುಬಳಸಿನ ಡೀಸೆಲ್ ಯಾರದು ಎಂಬ ಪ್ರಶ್ನೆಗೆ ಘಟ್ಟದ ಬುಡದಲ್ಲಿ ನಿಂತು ಫೋನಿನಲ್ಲಿ ಉತ್ತರ ಸಿಗುವುದಿಲ್ಲ. ಅದರ ಜೊತೆಗೆ ಇ-ವೇ ಬಿಲ್ಲಿನ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಚೀಟಿಯ) ಅವಧಿ: 200 ಕಿಲೋಮೀಟರಿಗೆ ಒಂದು ದಿನ. ದಾರಿಯಲ್ಲಿ ಸಿಕ್ಕಿಬಿದ್ದರೆ ಅವಧಿ ಮುಗಿಯುವ ಮೊದಲಿನ ಎಂಟು ಗಂಟೆಯಲ್ಲಿ ಅಥವಾ ಮುಗಿದ ಎಂಟು ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ಆ ಕೆಲಸ ಟ್ರಾನ್ಸ್‌ಪೋರ್ಟಿನವರದು. ನೆನಪಿಸುವ ಕೆಲಸ ಚಾಲಕನದು, ಏಕೆಂದರೆ ತಪಾಸಣೆಯಲ್ಲಿ ಸರಕಿನ ಜೊತೆ ಹಿಡಿಯುವುದು ಅವನ ಲಾರಿಯನ್ನು.

ಕಡಿಮೆ ದರವನ್ನು ಹೆಚ್ಚು ಟನ್ನಿನಿಂದ ತುಂಬಿಕೊಳ್ಳುವ ಆಸೆ ಹಳೆಯದು. ನಾಲ್ಕು ಟನ್ ಹೆಚ್ಚು ಹೇರಿದರೆ ಸಿಗುವುದು 5,200 ರೂಪಾಯಿ. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 20,000, ಮೇಲೆ ಟನ್ನಿಗೆ 2,000, ಒಟ್ಟು 28,000. ಸಿಕ್ಕಿಬೀಳದಿದ್ದರೂ ಒಂದು ನಷ್ಟವಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. ಒಂಬತ್ತು ಲಾರಿಗಳು ತಲಾ ನಾಲ್ಕು ಟನ್ ಹೆಚ್ಚು ಹೊತ್ತರೆ ಇಬ್ಬರ ಲೋಡ್ ಮಾಯವಾಗುತ್ತದೆ. ಆ ಇಬ್ಬರು ನಾಳೆ ದರ ಇಳಿಸಲು ಬ್ರೋಕರಿನ ಬಾಗಿಲಲ್ಲಿ ನಿಲ್ಲುತ್ತಾರೆ.

ಮೊಬೈಲ್ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮರಳುವ ಲೋಡ್ ಹುಡುಕಲು, ಪರಊರಿನ ದರ ತಿಳಿಯಲು ಅವು ಉಪಯುಕ್ತ. ಹೇರುವ ಮೊದಲೇ ‘ಟೋಕನ್ ಹಣ’ ಕೇಳಿದವನ ಲೋಡ್ ಇರುವುದೇ ಇಲ್ಲ ಎಂದು ತಿಳಿದುಕೊಂಡರೆ ಸಾಕು. ಸರಕು ಕಳಿಸುವವರ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ತೆರಿಗೆಯ ಹೆಸರಿನಲ್ಲಿ ಸುಮ್ಮನೆ ಮುರಿಸಿಕೊಳ್ಳುವವರೂ ಇದ್ದಾರೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನ ಇರುವವನು ಪ್ಯಾನ್ ಸಂಖ್ಯೆಯೊಂದಿಗೆ ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ಆದಾಯ ತೆರಿಗೆ) ಕಡಿತ ಮಾಡಬೇಕಾಗಿಲ್ಲ. ಲಾರಿಯನ್ನು ಟ್ರಾನ್ಸ್‌ಪೋರ್ಟ್ ಸಂಸ್ಥೆಗೆ ಬಾಡಿಗೆಗೆ ಬಿಡುವವನ ಮೇಲೆ ಜಿಎಸ್‌ಟಿಯೂ ಇಲ್ಲ.

ಕೊನೆಗೆ ಉಳಿಯುವುದು ಬ್ಯಾಲೆನ್ಸ್. ಮಂದಗತಿಯಲ್ಲಿ ದರಕ್ಕಿಂತ ಮೊದಲು ಕೆಡುವುದು ಇದು: ಅಡ್ವಾನ್ಸ್ ಕುಗ್ಗುತ್ತದೆ, ಹದಿನೈದು ದಿನದ ಬಾಕಿ ಎರಡು ತಿಂಗಳಿಗೆ ಹೋಗುತ್ತದೆ. ಅಂದರೆ ಒಂಟಿ ಲಾರಿಯವನು ತನಗಿಂತ ದೊಡ್ಡವನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ, ಅದೂ ತಾನು ಬಡ್ಡಿಗೆ ತಂದ ಹಣದಲ್ಲಿ. ಕಾನೂನು ಅವನ ಪರವಾಗಿಯೇ ಇದೆ. ಕೇಂದ್ರ ಸರ್ಕಾರದ ‘ಉದ್ಯಮ್’ ಜಾಲತಾಣದಲ್ಲಿ ನೋಂದಣಿ ಮಾಡಿಸಿಕೊಂಡ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ, ನೋಂದಣಿಗೆ ಶುಲ್ಕವಿಲ್ಲ. 2024ರ ಏಪ್ರಿಲ್‌ನಿಂದ ಅನ್ವಯವಾದ ಆದಾಯ ತೆರಿಗೆ ನಿಯಮದಂತೆ, ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಲು ಕೊಡಬೇಕಾದವನಿಗೆ ಆಗುವುದಿಲ್ಲ. ದೂರು ಕೊಡುವುದು ಬೇರೆ ಮಾತು: ಕೊಟ್ಟವನಿಗೆ ಆ ಕಚೇರಿಯಿಂದ ಮತ್ತೆ ಫೋನ್ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಈ ನೋಂದಣಿಯ ಉಪಯೋಗ ದೂರಿಗಿಂತ ಮಾತುಕತೆಗೆ ಹೆಚ್ಚು. ಮಾರ್ಚ್ ಹತ್ತಿರವಾದಾಗ ಟ್ರಾನ್ಸ್‌ಪೋರ್ಟಿನ ಲೆಕ್ಕಪರಿಶೋಧಕರೇ ಉದ್ಯಮ್ ಸಂಖ್ಯೆ ಇರುವವರ ಬಾಕಿಯ ಪಟ್ಟಿ ಕೇಳುತ್ತಾರೆ. ಚೀಟಿಯ ಮೇಲೆ ಆ ಸಂಖ್ಯೆ ಇದ್ದವನ ಹೆಸರು ಆ ಪಟ್ಟಿಯಲ್ಲಿರುತ್ತದೆ.